ಅಳು ಕೇಳಿಸದ ಕೋಣೆ

ಸಿಂಗಪುರದ ಪುಂಗೋಲ್‌ನ ನಮ್ಮ ಈಗಿನ ಮನೆಯಲ್ಲೂ ಒಂದು ಬಾಂಬ್ ಶೆಲ್ಟರ್ ಇದೆ. ಇಲ್ಲಿನ ಸರ್ಕಾರಿ ಫ್ಲ್ಯಾಟುಗಳಲ್ಲಿ ಅಡುಗೆಮನೆಯ ಮಗ್ಗುಲಿಗೆ ಇಂಥದೊಂದು ಕಿಟಕಿಯಿಲ್ಲದ ಪುಟ್ಟ ಕೋಣೆಯನ್ನು ಕಟ್ಟಿಯೇ ಕೊಡುತ್ತಾರೆ. ದಪ್ಪ ಕಾಂಕ್ರೀಟ್ ಗೋಡೆ, ಉಕ್ಕಿನ ಬಾಗಿಲು, ಬಾಗಿಲಿಗೆ ಉದ್ದನೆಯ ಹಿಡಿ. ಯುದ್ಧ ಬಂದರೆ ಮನೆಮಂದಿಯೆಲ್ಲ ಅದರೊಳಗೆ ಸೇರಿಕೊಳ್ಳಬೇಕು. ಯುದ್ಧ ಬರಲಿಲ್ಲ, ಅಕ್ಕಿಚೀಲ, ಸೂಟ್‌ಕೇಸು, ಇಸ್ತ್ರಿ ಮೇಜು ಬಂದವು. ಎಲ್ಲರ ಮನೆಯ ಕಥೆಯೂ ಇದೇ. ನಮ್ಮ ಮನೆಯಲ್ಲಿ ಮಾತ್ರ ಆ ಬಾಗಿಲು ಎಂದೂ ಮುಚ್ಚುವುದಿಲ್ಲ. ಹೊಸ್ತಿಲಿಗೆ ಅಡ್ಡವಾಗಿ ನಾನೊಂದು ಗುಂಡುಕಲ್ಲು ಇಟ್ಟಿದ್ದೇನೆ. ಬಾಂಬು ಬಿದ್ದರೆ ಒಳಗೆ ಬಾ ಎಂದು ನೀವೇ ಕರೆದಹಾಗಾಯಿತು ಎಂದು ಹೆಂಡತಿ ಛೇಡಿಸುತ್ತಾಳೆ. ಬಾಂಬಿನ ಭಯ ನನಗಿಲ್ಲ ಎಂದು ಅವಳಿಗೂ ಗೊತ್ತು.

ನಾನು ಜೂನಿಯರ್ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಒಮ್ಮೊಮ್ಮೆ ಸಿಲೆಬಸ್ಸಿನ ಬೇಲಿ ಹಾರಿ ಹಳೆಯ ಯುರೋಪಿಗೆ ಹೋಗುವುದುಂಟು. ದೊರೆ ದೊಡ್ಡವನೋ ಧರ್ಮಗುರು ದೊಡ್ಡವನೋ ಎಂದು ಶತಮಾನಗಟ್ಟಲೆ ನಡೆದ ಜಗಳ, ಹಾಲುಹಲ್ಲು ಉದುರದ ಮಗುವನ್ನು ಸಿಂಹಾಸನದ ಮೇಲೆ ಕೂರಿಸಿ ಹಿಂದಿನಿಂದ ರಾಜ್ಯ ಆಳಿದ ದೊಡ್ಡ ಮನುಷ್ಯರು, ಇವೆಲ್ಲ ಮಕ್ಕಳಿಗೆ ಇಷ್ಟ. ಆ ಕಾಲದಲ್ಲಿ ತಂದೆತಾಯಿ ಚಿಕ್ಕ ಮಗನನ್ನು ಮಠಕ್ಕೆ ಒಪ್ಪಿಸುವಾಗ ಅವನ ಕೈಯನ್ನು ಪೂಜಾವೇದಿಕೆಯ ಬಟ್ಟೆಯಲ್ಲಿ ಸುತ್ತುತ್ತಿದ್ದರು ಎಂದೂ ಹೇಳುತ್ತೇನೆ. ಹಿಂದಿನ ಬೆಂಚಿನಿಂದ ಯಾರಾದರೂ 'ಸೋ ಕ್ರೀಪಿ ಲಾ, ಸರ್' ಅನ್ನುತ್ತಾರೆ. ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಅಷ್ಟರಲ್ಲಿ ನನ್ನ ಬಲಗೈ ತಾನಾಗಿಯೇ ಜೇಬಿನೊಳಗೆ ಹೋಗಿರುತ್ತದೆ.

ನಾನು ಬೆಳೆದದ್ದು ಸೆಂಗ್‌ಕಾಂಗ್‌ನಲ್ಲಿ. ಮನೆಯಲ್ಲಿ ನಾವು ನಾಲ್ವರು. ಅಪ್ಪ ಟುವಾಸ್‌ನ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಊರಿನ ಇನ್ನೊಂದು ತುದಿಗೆ ಹೋಗಿ ಬರುವುದರಲ್ಲೇ ಅರ್ಧ ದಿನ ಕಳೆಯುತ್ತಿತ್ತು. ಅಮ್ಮ ಮೈಸೂರಿನವಳು, ಬ್ಯಾಂಕೊಂದರ ಐಟಿ ವಿಭಾಗದಲ್ಲಿದ್ದಳು. ಅಪ್ಪನ ತಾಯಿ, ಅಂದರೆ ಅಜ್ಜಿ, ಗದಗಿನ ಕಡೆಯವಳು. ಅಜ್ಜಿ ಬಂದದ್ದು ಒಬ್ಬಳೇ ಅಲ್ಲ. ಅವಳ ಹಿಂದೆಯೇ ಹಡಗಿನಲ್ಲಿ ಒಂದು ಮರದ ಪೆಟ್ಟಿಗೆ ಬಂತು. ಅದರಲ್ಲಿ ಒಂದು ಗಿಡ್ಡನೆಯ ಪೀಠ, ಅದರ ಮೇಲಿನ ಕಾವಿ ದಿಂಬು, ಮತ್ತು ಒಂದು ಜೊತೆ ಹಾವಿಗೆ. ಸ್ವಾಮಿಗಳು ಮೆಟ್ಟುತ್ತಾರಲ್ಲ, ಹೆಬ್ಬೆರಳಿಗೆ ಗುಬಟಿಯಿರುವ ಮರದ ಪಾದುಕೆ, ಅಂಥವು. ಆದರೆ ಇವು ಚಿಕ್ಕವು, ಹುಡುಗನೊಬ್ಬನ ಕಾಲಿಗೆ ಆಗುವಷ್ಟು. ಅಜ್ಜಿ ಮನೆಯನ್ನೆಲ್ಲ ಒಂದು ಸುತ್ತು ನೋಡಿ ಬಾಂಬ್ ಶೆಲ್ಟರನ್ನು ಆರಿಸಿಕೊಂಡಳು. ಕಿಟಕಿ ಇಲ್ಲ, ಕಂಡವರ ದೃಷ್ಟಿ ತಾಗುವುದಿಲ್ಲ, ಗರ್ಭಗುಡಿಯೇ ಇದು ಎಂದಳು. ಅಮ್ಮ ತನ್ನ ಸೂಟ್‌ಕೇಸುಗಳನ್ನು ಎತ್ತಿ ಮಂಚದ ಕೆಳಗೆ ತಳ್ಳಿದಳು.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಐವರಿದ್ದೆವು ಅನ್ನಬೇಕು. ಊಟಕ್ಕೆ ಮೊದಲ ತಟ್ಟೆ ಆ ಕೋಣೆಗೆ ಹೋಗುತ್ತಿತ್ತು. ಅಜ್ಜಿ ತಟ್ಟೆ ಇಟ್ಟು, ಉಕ್ಕಿನ ಬಾಗಿಲನ್ನು ಮುಂದಕ್ಕೆ ಮಾಡಿ, ಹೊರಗೆ ಗೋಡೆಗೊರಗಿ ಕೂರುತ್ತಿದ್ದಳು. ಒಳಗೆ ಯಾರೋ ಉಣ್ಣುತ್ತಿದ್ದಾರೆ, ಅವರಿಗೆ ಸಂಕೋಚವಾಗಬಾರದು ಎಂಬಂತೆ ನಾವು ಮೆಲ್ಲಗೆ ಮಾತಾಡಬೇಕಿತ್ತು. ಸ್ವಲ್ಪ ಹೊತ್ತಿನ ಮೇಲೆ ತಟ್ಟೆ ಹೊರಗೆ ಬರುತ್ತಿತ್ತು. ಆ ಪ್ರಸಾದದ ಅನ್ನವನ್ನು ನನ್ನ ತಟ್ಟೆಗೇ ಬಡಿಸುತ್ತಿದ್ದಳು, ಬೇರೆ ಯಾರಿಗೂ ಇಲ್ಲ. ಅನ್ನದ ಒಂದು ಬದಿ ಕುಸಿದಿರುತ್ತಿತ್ತು ಎಂದು ನನಗೆ ಅನ್ನಿಸುತ್ತಿತ್ತು. ಸಾರು ಇಳಿದು ಕುಸಿದಿರಬಹುದು ಎಂದು ಈಗ ಅಂದುಕೊಳ್ಳಬಲ್ಲೆ. ಆಗ ನಾನು ಆ ಬದಿಯನ್ನು ಬಿಟ್ಟು ಉಣ್ಣುತ್ತಿದ್ದೆ.

ಶಾಲೆಯಿಂದ ಬಂದ ಮೇಲೆ ಮಧ್ಯಾಹ್ನಗಳೆಲ್ಲ ನಾನು ಮತ್ತು ಅಜ್ಜಿ ಇಬ್ಬರೇ. ಅವಳು ಚಾಪೆಯ ಮೇಲೆ ಕಣ್ಣು ಮುಚ್ಚಿದ ಮೇಲೆ ಮನೆ ಬೇರೆಯದೇ ಆಗಿಬಿಡುತ್ತಿತ್ತು. ಕಿಟಕಿಯಾಚೆ ಎಲ್‌ಆರ್‌ಟಿ ರೈಲು ಎರಡು ಬ್ಲಾಕುಗಳ ನಡುವೆ ಸರಿದು ಹೋಗುವ ಸದ್ದು, ಆಮೇಲೆ ಏನೂ ಇಲ್ಲ. ಕೋಣೆಯ ಬಾಗಿಲು ಒಂದಿಷ್ಟು ತೆರೆದಿರುತ್ತಿತ್ತು. ಸಂಜೆ ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಇಡುತ್ತಿದ್ದ ಹಾವಿಗೆಗಳು ಮರುದಿನ ಮಧ್ಯಾಹ್ನ ಬಾಗಿಲ ಕಡೆ ಮುಖ ಮಾಡಿರುತ್ತಿದ್ದವು. ದಿಂಬಿನ ನಡುವೆ, ಈಗತಾನೇ ಯಾರೋ ಎದ್ದು ಹೋದ ಹಾಗೆ, ಒಂದು ತಗ್ಗು. ಒಮ್ಮೆ ಧೈರ್ಯ ಮಾಡಿ ಹಾವಿಗೆ ಮುಟ್ಟಿ ನೋಡಿದೆ. ಹಿಮ್ಮಡಿಯ ಜಾಗ, ಬೆರಳುಗಳ ಜಾಗ ಸವೆದು ಗುಳಿಬಿದ್ದಿದ್ದವು. ಇವು ನಿಮ್ಮವೇ, ನಿಮಗಾಗೇ ಕಾಯ್ದಿಟ್ಟವು ಎಂದು ಅಜ್ಜಿ ಹೇಳಿದ್ದಳು. ನಾನು ಮೆಟ್ಟಿರಲಿಲ್ಲ. ಹಾಗಾದರೆ ಸವೆಸಿದವರು ಯಾರು ಎಂದು ಕೇಳುವ ಧೈರ್ಯ ಬರಲಿಲ್ಲ.

ಅಜ್ಜಿ ನನ್ನ ಹೆಸರು ಹಿಡಿದು ಕರೆದದ್ದೇ ಇಲ್ಲ. ವೀರೇಶ ಎಂಬುದು ಶಾಲೆಗೆ ಮತ್ತು ಅಮ್ಮನಿಗೆ. ಅಜ್ಜಿಗೆ ನಾನು 'ಅಪ್ಪಾರು'. ಆ ಕಡೆ ಮಠದ ಸ್ವಾಮಿಗಳನ್ನು ಹಾಗೆ ಕರೆಯುತ್ತಾರೆ. ಊಟಕ್ಕ ಬರ್ರಿ ಅಪ್ಪಾರ, ಕೈ ತೊಳಕೊರ್ರಿ ಅಪ್ಪಾರ. ನಾನು ಬಿದ್ದು ಮೊಣಕಾಲು ಕೆತ್ತಿಕೊಂಡು ಬಂದರೆ ಅಪ್ಪಿಕೊಳ್ಳುತ್ತಿರಲಿಲ್ಲ, ದೂರದಿಂದ ಕೈ ಮುಗಿಯುತ್ತಿದ್ದಳು. ಅಜ್ಜಿಯ ಮಡಿಲು ಹೇಗಿರುತ್ತದೆ ಎಂದು ನನಗೆ ಗೊತ್ತಿಲ್ಲ. ಅವಳಿಗೆ ನನ್ನ ಮೇಲೆ ಪ್ರೀತಿ ಇರಲಿಲ್ಲ ಅಂತಲ್ಲ, ಪ್ರೀತಿಗಿಂತ ದೊಡ್ಡದೇನೋ ಇತ್ತು, ಅದು ಪ್ರೀತಿಗೆ ಜಾಗ ಬಿಡಲಿಲ್ಲ.

ಕಾರಣವನ್ನು ಅವಳೇ ನನಗೆ ಹೇಳಿದ್ದಳು, ಬೇರೆ ಅಜ್ಜಿಯರು ಗುಬ್ಬಿ ಕಾಗೆ ಕಥೆ ಹೇಳುವ ಹಾಗೆ. ನಮ್ಮದು ಅಯ್ಯನೋರ ಮನೆತನ; ಮಠಕ್ಕೆ ಮರಿಗಳನ್ನು, ಅಂದರೆ ಮುಂದೆ ಪೀಠವೇರುವ ಹುಡುಗರನ್ನು, ಕೊಡುವ ಮನೆ. ಅಪ್ಪ ಚಿಕ್ಕವನಿದ್ದಾಗ ಜ್ವರ ಬಂದು ಕೈಬಿಟ್ಟು ಹೋಗುವ ಹಾಗಾಗಿತ್ತಂತೆ. ಅಜ್ಜಿ ಅವನನ್ನು ಎತ್ತಿಕೊಂಡು ಹೋಗಿ ಮಠದ ಗುರುಗಳ ಪಾದದ ಬಳಿ ಮಲಗಿಸಿ, ಈ ಕೂಸು ಉಳಿದರೆ ಇದರ ಚೊಚ್ಚಲ ಗಂಡುಮಗು ನಿಮ್ಮದು ಎಂದಳಂತೆ. ಗುರುಗಳು ಏನೂ ಮಾತಾಡದೆ ಆ ಪೀಠವನ್ನೂ ಹಾವಿಗೆಯನ್ನೂ ಕೊಟ್ಟು ಕಳಿಸಿದರಂತೆ. ಅಪ್ಪ ಉಳಿದ. ನಾನು ಹುಟ್ಟಿದೆ. ಕಥೆಯ ಕೊನೆಗೆ ಅಜ್ಜಿ ಮಠದ ಒಂದು ಕಟ್ಟಳೆಯನ್ನೂ ಸೇರಿಸುತ್ತಿದ್ದಳು. ಪೀಠದ ಮುಂದೆ ಕಿವಿಯಲ್ಲಿ ಮಂತ್ರ ಹೇಳುವಾಗ ಮರಿ ಅಳಬಾರದು. ಅತ್ತರೆ ಮನೆಗೆ ಕಳಿಸಿಬಿಡುತ್ತಾರೆ, ಮತ್ತೆ ಕರೆಯುವುದಿಲ್ಲ, ಹರಕೆಯೂ ಅಲ್ಲಿಗೆ ತೀರಿತು. ನೀವು ಅಳೂದಿಲ್ಲ ಬಿಡ್ರಿ ಎಂದು ಹೆಮ್ಮೆಯಿಂದ ನಗುತ್ತಿದ್ದಳು.

ಆ ದಿನಗಳಲ್ಲಿ ಸಿಂಗಪುರವೂ ಅಜ್ಜಿಯ ಪಕ್ಷವೇ ವಹಿಸಿದಂತಿತ್ತು. ಎಲ್‌ಆರ್‌ಟಿಯಲ್ಲಿ ಚಾಲಕನಿಲ್ಲ, ಮುಂದಿನ ಗಾಜಿನ ಬಳಿ ನಿಂತರೆ ಖಾಲಿ ಹಳಿಯಷ್ಟೇ ಕಾಣುತ್ತದೆ. ಯಾರೂ ಕಾಣಂಗಿಲ್ಲ ಅಂದ್ರ ಯಾರೂ ಇಲ್ಲಂತಲ್ಲ ಎಂದು ಅಜ್ಜಿ ಅದಕ್ಕೂ ಕೈ ಮುಗಿದಳು. ಸತ್ತವರು ಭೂಮಿಗೆ ಬರುತ್ತಾರೆಂದು ಚೀನಿಯರು ನಂಬುವ ಏಳನೇ ತಿಂಗಳಲ್ಲಿ ನಮ್ಮ ಬ್ಲಾಕಿನ ಮುಂದಿನ ಮೈದಾನದಲ್ಲಿ ಡೇರೆ ಹಾಕಿ ಹಾಡು, ಕುಣಿತ ಇಡುತ್ತಿದ್ದರು. ಒಂದು ಸಂಜೆ ನಾನೂ ಅಜ್ಜಿಯೂ ಹೋದೆವು. ಹಿಂದೆ ಜನ ಕಿಕ್ಕಿರಿದಿದ್ದರೂ ಮೊದಲ ಸಾಲಿನ ಕೆಂಪು ಕುರ್ಚಿಗಳೆಲ್ಲ ಖಾಲಿ. ನಾನು ಹೋಗಿ ಕೂರಲಿದ್ದೆ. ಕೆಳಮನೆಯ ವೇಯ್ ಮಿಂಗ್ ಓಡಿಬಂದು ನನ್ನ ಅಂಗಿ ಹಿಡಿದೆಳೆದ.

"ಡೋಂಟ್ ಸಿಟ್ ಲಾ. ಆಲ್ರೆಡಿ ಸಮ್‌ಬಡಿ ಸಿಟ್ಟಿಂಗ್."

ಅಜ್ಜಿಗೆ ಇಂಗ್ಲಿಷ್ ಬಾರದು, ಆದರೆ ಅದೊಂದು ಮಾತು ಅವಳಿಗೆ ಪೂರ್ತಿ ಅರ್ಥವಾಯಿತು. ಇವರಿಗೂ ಗೊತ್ತೈತಿ ನೋಡ್ರಿ ಎಂದಳು. ಹಾಡುವವಳು ಮಿರಿಮಿರಿ ಮಿಂಚುವ ಅಂಗಿ ತೊಟ್ಟು ಆ ಖಾಲಿ ಕುರ್ಚಿಗಳಿಗೇ ಬಗ್ಗಿ ನಮಸ್ಕರಿಸಿದಳು. ನನಗೆ ನಮ್ಮ ಮನೆಯ ದಿಂಬಿನ ತಗ್ಗು ನೆನಪಾಯಿತು.

ನನಗೆ ಹತ್ತು ತುಂಬಿದ ವರ್ಷ ಮಠದ ಕಾರ್ಯದರ್ಶಿಯಿಂದ ಫೋನ್ ಬಂತು. ಹಿರಿಯ ಗುರುಗಳು ಸಿಂಗಪುರದ ಭಕ್ತರನ್ನು ನೋಡಲು ಬರುತ್ತಾರೆ, ನಿಮ್ಮ ಮನೆಗೂ ಪ್ರಸಾದಕ್ಕೆ ಬರುತ್ತಾರೆ, ಹುಡುಗನನ್ನು ಅಣಿ ಮಾಡಿ ಎಂದರು. ಗುರುಗಳಿಗೆ ವಯಸ್ಸಾಗಿತ್ತು, ಊರಲ್ಲಿ ಚುನಾವಣೆ ಹತ್ತಿರವಿತ್ತು. ಮಠ ಯಾರ ಕಡೆ ಬೆರಳು ತೋರಿಸುತ್ತದೋ ಅವರಿಗೆ ಸುತ್ತಲಿನ ಹಳ್ಳಿಗಳೆಲ್ಲ ವೋಟು ಹಾಕುತ್ತಿದ್ದವು. ಇನ್ನೊಂದು ಪಕ್ಷದವರು ತಮ್ಮ ಕಡೆಯ ಹುಡುಗನನ್ನು ಸಿದ್ಧ ಮಾಡಿಕೊಂಡಿದ್ದರಂತೆ. ಕಾರ್ಯದರ್ಶಿಗೆ ಟಿಕೆಟಿನ ಆಸೆ. ಹತ್ತು ವರ್ಷದ ಮರಿಯ ಕೈ ಯಾರು ಹಿಡಿದಿರುತ್ತಾರೋ ಮಠ ಅವರದು. ಇದನ್ನೆಲ್ಲ ನಾನು ತಿಳಿದದ್ದು ದೊಡ್ಡವನಾದ ಮೇಲೆ. ಆಗ ಗೊತ್ತಾದದ್ದು ಇಷ್ಟೇ: ಕೋಣೆಯಲ್ಲಿ ಇದ್ದವರು ನನ್ನನ್ನು ಕರೆಯುತ್ತಿದ್ದಾರೆ.

ಆ ರಾತ್ರಿ ಊಟದ ಹೊತ್ತಿಗೆ ಜಗಳವಾಯಿತು. ಅಪ್ಪನದು ಅತ್ತ ದರಿ ಇತ್ತ ಪುಲಿ ಎಂಬ ಸ್ಥಿತಿ. ತಾನು ಉಸಿರಾಡುತ್ತಿರುವುದೇ ಆ ಮಾತಿನಿಂದ ಎಂದು ಅರ್ಧ ನಂಬಿದ್ದ, ಇನ್ನರ್ಧ ಎಂಜಿನಿಯರ್. ಬೇಡ ಎಂದು ನೇರವಾಗಿ ಹೇಳಲಾರದೆ ಸರ್ಕಾರದ ಬೆನ್ನ ಹಿಂದೆ ಅಡಗಿದ. ನಾವು ಇಲ್ಲಿ ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ, ತೆಗೆದುಕೊಂಡಿದ್ದೇವೆ, ಗಂಡುಹುಡುಗರು ಹದಿನೆಂಟಕ್ಕೆ ಎರಡು ವರ್ಷ ಸೈನ್ಯದಲ್ಲಿ ದುಡಿಯಲೇಬೇಕು, ಇಲ್ಲಿನ ಸರ್ಕಾರ ಇವನನ್ನು ಬಿಡುವುದಿಲ್ಲ ಎಂದ. ಅಜ್ಜಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಸರಕಾರಕ್ಕ ಕೊಡ್ತೀ, ಗುರುವಿಗೆ ಕೊಡಾಕ ಆಗಂಗಿಲ್ಲನು? ಹರ ಮುನಿದ್ರ ಗುರು ಕಾಯ್ತಾನ. ಗುರು ಮುನಿದ್ರ ನಿನ್ನ ಸರಕಾರ ಕಾಯ್ತೈತೇನು?"

ಅಪ್ಪ ತಲೆ ತಗ್ಗಿಸಿದ. ಅಮ್ಮ ಅತ್ತೆಗೆ ಎದುರು ಮಾತಾಡಿದವಳಲ್ಲ. ಅವತ್ತು ತಟ್ಟೆಯಲ್ಲೇ ಕೈ ತೊಳೆದು ಎದ್ದು ನಿಂತಳು.

"ಅತ್ತೆ, ಹೆತ್ತಿರೋಳು ನಾನು. ನನ್ನನ್ನ ಯಾರೂ ಕೇಳ್ಲೇ ಇಲ್ಲವಲ್ಲ."

ಅಜ್ಜಿ ಅವಳನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ. ನನ್ನ ಮಗ ಸಾಯಲು ಬಿದ್ದಾಗ ನಾನೂ ಯಾರನ್ನೂ ಕೇಳಲಿಲ್ಲವ್ವ ಎಂದಳು. ಒಳಗಿನ ಕೋಣೆಯಲ್ಲಿ ಆಗ ಮರಕ್ಕೆ ಮರ ತಾಗಿದಂಥ ಟಕ್ ಎಂಬ ಸದ್ದಾಯಿತು. ನಾವು ನಾಲ್ವರೂ ಕೇಳಿಸಿಕೊಂಡೆವು, ಯಾರೂ ಎದ್ದು ನೋಡಲಿಲ್ಲ.

ಮರುದಿನದಿಂದ ಅಮ್ಮ ನನಗೆ ಅಳುವುದನ್ನು ಕಲಿಸತೊಡಗಿದಳು. ಅಜ್ಜಿ ಕೆಳಗೆ ವಾಯ್ಡ್ ಡೆಕ್ಕಿಗೆ, ಬ್ಲಾಕಿನ ತಳದ ತೆರೆದ ಅಂಗಳಕ್ಕೆ, ಹೋಗಿ ಕೂತ ಹೊತ್ತಿನಲ್ಲಿ ನನ್ನನ್ನು ಆ ಕೋಣೆಯೊಳಗೆ ನಿಲ್ಲಿಸಿ, ಬಾಗಿಲು ಮುಚ್ಚಿ, ಜೋರಾಗಿ ಕಿರುಚು ಎಂದಳು. ನಾನು ಗಂಟಲು ಹರಿಯುವಂತೆ ಕಿರುಚಿದೆ. ಬಾಗಿಲು ತೆಗೆದಾಗ ಅವಳ ಮುಖ ಬಿಳಿಚಿಕೊಂಡಿತ್ತು. ಹೊರಗೆ ಏನೂ ಕೇಳಿಸಿರಲಿಲ್ಲ. ಮಂತ್ರ ಮೂರನೆಯ ಕಿವಿಗೆ ಬೀಳಬಾರದು, ಹಾಗಾಗಿ ಅವತ್ತು ಬಾಗಿಲು ಮುಚ್ಚಿಯೇ ಮುಚ್ಚುತ್ತಾರೆ. ಸದ್ದು ಮಾಡಿದರೆ ಸಾಲದು, ಕಣ್ಣೀರು ಕೆನ್ನೆಯ ಮೇಲೆ ಇರಬೇಕು ಎಂದು ಅಮ್ಮ ಲೆಕ್ಕ ಹಾಕಿದಳು. ನಾನು ಸತ್ತುಹೋದೆ ಅಂದುಕೊ, ನಿನ್ನನ್ನು ಬಿಟ್ಟು ವಿಮಾನ ಹತ್ತಿದೆ ಅಂದುಕೊ ಎಂದು ಹೇಳಿಕೊಟ್ಟಳು. ನಾನು ಒಳ್ಳೆಯ ವಿದ್ಯಾರ್ಥಿ. ಅಡುಗೆಮನೆಯಲ್ಲಿ ನಿಂತು ಬೇಕೆಂದಾಗ ಅಳುವಷ್ಟು ಪಳಗಿದೆ. ಅಮ್ಮ ನನ್ನ ಮುಖ ಒರೆಸುತ್ತ ತಾನೂ ಅಳುತ್ತಿದ್ದಳು, ಅವಳದು ನಟನೆಯಲ್ಲ.

ಗುರುಗಳು ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ನಾನು ದೊಡ್ಡ ಆಳನ್ನು ನಿರೀಕ್ಷಿಸಿದ್ದೆ. ಲಿಫ್ಟಿನಿಂದ ಇಳಿದವರು ನನಗಿಂತ ತುಸು ಎತ್ತರದ, ಕಾವಿಯೊಳಗೆ ಕಳೆದುಹೋದಂಥ ಮುದುಕರು. ಅವರ ಹಿಂದೆ ಕಾರ್ಯದರ್ಶಿ, ಬಿಳಿ ಅಂಗಿ, ಎರಡು ಫೋನು. ಅಪ್ಪ ಪಾದ ತೊಳೆದ, ಅಜ್ಜಿ ಉದ್ದಕ್ಕೆ ಅಡ್ಡಬಿದ್ದಳು. ಕಾರ್ಯದರ್ಶಿ ನನ್ನ ಗದ್ದ ಹಿಡಿದು ಮುಖವನ್ನು ಆಚೆ ಈಚೆ ತಿರುಗಿಸಿ ನೋಡಿ, ಇಂಗ್ಲಿಷ್ ಚಲೋ ಬರ್ತೈತೇನು ಎಂದು ಅಪ್ಪನನ್ನು ಕೇಳಿದರು. ಆಮೇಲೆ ಅಜ್ಜಿ ದಿಂಬಿನ ಕಾವಿ ಬಟ್ಟೆಯನ್ನು ಬಿಡಿಸಿ ತಂದು ನನ್ನ ಬಲಗೈಗೆ ಬಿಗಿಯಾಗಿ ಸುತ್ತಿ, ಬಟ್ಟೆಯ ತುದಿಯನ್ನು ಗುರುಗಳ ಕೈಗೆ ಕೊಟ್ಟಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ತನ್ನ ಕಣ್ಣಿನ ಕೆಳಗೆ ಬೆರಳಿಟ್ಟು ತೋರಿಸಿದಳು. ನಾವಿಬ್ಬರು ಒಳಗೆ ಹೋದೆವು. ಬಾಗಿಲು ಮುಚ್ಚಿತು, ಹಿಡಿ ತಿರುಗಿತು. ಆಮೇಲೆ ನನ್ನ ಉಸಿರಿನ ಸದ್ದಷ್ಟೇ ಉಳಿಯಿತು.

ಒಂದು ಎಣ್ಣೆದೀಪ ಉರಿಯುತ್ತಿತ್ತು. ನಾನು ಅಮ್ಮ ಸತ್ತಳು ಅಂದುಕೊಂಡೆ. ಅಳು ಬರಲಿಲ್ಲ. ವಿಮಾನ ಹತ್ತಿದಳು ಅಂದುಕೊಂಡೆ. ಬರಲಿಲ್ಲ. ಭಯಕ್ಕೆ ಕಣ್ಣು, ಬಾಯಿ, ಗಂಟಲು ಎಲ್ಲ ಒಣಗಿ ಬೂದಿಯಾಗಿದ್ದವು. ಗುರುಗಳು ಪೀಠದ ಮೇಲೆ ಕೂರಲಿಲ್ಲ. ನೆಲದ ಮೇಲೆ, ಹಾವಿಗೆಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಅವನ್ನೇ ನೋಡುತ್ತಿದ್ದರು. ಆ ಗುಳಿಗಳಲ್ಲಿ ಬೆರಳಾಡಿಸಿದರು. ಇವು ಇನ್ನೂ ಅದಾವು ಎಂದು ತಮಗೆ ತಾವೇ ಹೇಳಿಕೊಂಡರು. ಹಾವಿಗೆಯನ್ನು ಸವೆಸಿದ ಕಾಲು ಯಾರದೆಂದು ನನಗೆ ಆಗ ತಿಳಿಯಿತು. ಅವರು ನನ್ನ ಕಿವಿಯ ಹತ್ತಿರ ಬಾಗಿದರು, ವಿಭೂತಿಯ ವಾಸನೆ ಬಂತು.

"ಅಳಾಕ ಹೇಳಿ ಕಳಿಸ್ಯಾರೇನು?"

ನಾನು ತಲೆಯಾಡಿಸಿದೆ.

"ಬರವಲ್ದೇನು?"

ಇಲ್ಲವೆಂದು ತಲೆಯಾಡಿಸಿದೆ.

"ನಮ್ಮವ್ವನೂ ಹೇಳಿ ಕಳಿಸಿದ್ಲು. ನನಗೂ ಬರಲಿಲ್ಲ."

ಇಷ್ಟೇ ನನ್ನ ಕಿವಿಯಲ್ಲಿ ಬಿದ್ದ ಮಂತ್ರ. ದೀಪದ ಬೆಳಕಿನಲ್ಲಿ ಅವರ ಮುಖದ ಸುಕ್ಕುಗಳಲ್ಲಿ ನೀರು ಇಳಿಯತೊಡಗಿತು. ಅವರು ಬಿಕ್ಕಲಿಲ್ಲ, ದನಿ ತೆಗೆಯಲಿಲ್ಲ, ಒರೆಸಿಕೊಳ್ಳಲೂ ಇಲ್ಲ. ಸುಮ್ಮನೆ ಹರಿಯಿತು, ಗಡ್ಡ ತೊಯ್ದಿತು. ಅಳುವ ಮುದುಕರನ್ನು ನಾನು ಮೊದಲು ಕಂಡಿರಲಿಲ್ಲ. ನನಗೆ ಹೆಚ್ಚು ಹೆದರಿಕೆಯಾದದ್ದು ಬೇರೆಯದಕ್ಕೆ: ಅವರ ಹಿಂದೆ, ಬಟ್ಟೆ ಬಿಚ್ಚಿದ್ದ ಬರಿಯ ದಿಂಬಿನ ಮೇಲೆ, ಆ ತಗ್ಗು ನಿಧಾನವಾಗಿ ಮೇಲೆದ್ದು ಸಮವಾಯಿತು.

ಗುರುಗಳು ನನ್ನ ಕೈಯ ಬಟ್ಟೆ ಬಿಚ್ಚಿ ಮಡಚಿದರು. ಹಾವಿಗೆಗಳನ್ನು ಅದರಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು. ಆಮೇಲೆ ಹಿಡಿ ತಿರುಗಿಸಿದರು. ಹೊರಗೆ ಎಲ್ಲರೂ ಬಾಗಿಲಿಗೇ ಅಂಟಿ ನಿಂತಿದ್ದರು.

"ಮಗು ಅತ್ತೈತಿ. ಅತ್ತ ಮಗೂಗ ಮಂತ್ರ ಕೊಡಾಕ ಬರಂಗಿಲ್ಲ."

ಅವರ ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು. ನನ್ನ ಮುಖ ಬಿಸಿಲಿಗೆ ಹಾಕಿದ ಹಪ್ಪಳದ ಹಾಗೆ ಒಣಗಿತ್ತು. ಎಲ್ಲರೂ ಎರಡೂ ಮುಖ ನೋಡಿದರು. ಕಾರ್ಯದರ್ಶಿ, ಹುಡುಗನ ಕಣ್ಣು ಒಣಗೇ ಅದಾವಲ್ಲ ಅಪ್ಪಾರ ಎಂದು ಬಾಯಿ ತೆರೆದರು. ಗುರುಗಳು ಅವರ ಕಡೆ ತಿರುಗಿ ನೋಡಿದರು, ಅಷ್ಟೆ. ಆ ಬಾಯಿ ಮುಚ್ಚಿಕೊಂಡಿತು. ಯಾವ ಅಧಿಕಾರ ನನ್ನನ್ನು ಹಿಡಿದೊಯ್ಯಲು ಬಂದಿತ್ತೋ ಅದೇ ಅಧಿಕಾರ ನನ್ನನ್ನು ಬಿಟ್ಟುಕೊಟ್ಟಿತು; ಎರಡನ್ನೂ ಪ್ರಶ್ನಿಸುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ.

ಅಜ್ಜಿ ಆರತಿ ತಟ್ಟೆ ಕೆಳಗಿಟ್ಟು ನನ್ನ ಮುಂದೆ ಮೊಣಕಾಲೂರಿದಳು. ಮೊದಲ ಬಾರಿಗೆ ನನ್ನ ಕೆನ್ನೆ ಮುಟ್ಟಿದಳು. ಹೆಬ್ಬೆರಳನ್ನು ಕಣ್ಣಿನ ಕೆಳಗೆ ನಿಧಾನವಾಗಿ ಎಳೆದಳು. ಅಲ್ಲಿ ಏನೂ ಸಿಗಲಿಲ್ಲ ಎಂಬುದು ನನಗೂ ಅವಳಿಗೂ ಗೊತ್ತು. ಆಮೇಲೆ ಸೀರೆಯ ಸೆರಗು ತೆಗೆದುಕೊಂಡು ನನ್ನ ಒಣಗಿದ ಕೆನ್ನೆಗಳನ್ನು ಒಂದಾದ ಮೇಲೊಂದು ಒರೆಸಿ, ಹೌದ್ರಿ, ಅತ್ತಾನ ಎಂದಳು. ಗುರು ಒದ್ದೆ ಎಂದ ಮೇಲೆ ಒಣಕೆನ್ನೆಯೂ ಒದ್ದೆ ಎನ್ನುವ ಭಕ್ತಿಯೋ, ಅವಳಿಗೂ ನನ್ನನ್ನು ಕೊಡಲು ಮನಸ್ಸಿರಲಿಲ್ಲವೋ, ನಾನು ಕೇಳಲಿಲ್ಲ. ಅವತ್ತು ಮೊದಲ ತಟ್ಟೆ ಆ ಕೋಣೆಗೆ ಹೋಗಲಿಲ್ಲ. ಸಂಜೆ ಅಮ್ಮ ತನ್ನ ಸೂಟ್‌ಕೇಸುಗಳನ್ನು ಮಂಚದ ಕೆಳಗಿಂದ ಎಳೆದು ತಂದಳು, ಅಜ್ಜಿ ಬೇಡ ಅನ್ನಲಿಲ್ಲ.

ಮಠಕ್ಕೆ ಬೇರೊಬ್ಬ ಹುಡುಗ ಸಿಕ್ಕ. ಇಬ್ಬರು ಮಂತ್ರಿಗಳ ನಡುವೆ ಅವನು ಕೂತ ಫೋಟೊ ಆಗೀಗ ಫೋನಿಗೆ ಬರುತ್ತದೆ. ಅವನ ಕಣ್ಣು ನೋಡಿದರೆ ನನಗೆ ಆ ದಿನವೆಲ್ಲ ಊಟ ಸೇರುವುದಿಲ್ಲ. ಹದಿನೆಂಟಕ್ಕೆ ಸರ್ಕಾರ ತನ್ನ ಪಾಲು ತೆಗೆದುಕೊಂಡಿತು. ಅಲ್ಲೂ ಮೊದಲ ದಿನವೇ ತಲೆ ಬೋಳಿಸಿದರು, ಅಲ್ಲೂ ಅಮ್ಮಂದಿರು ದೂರದಲ್ಲಿ ನಿಂತು ನೋಡಿದರು. ಎರಡು ವರ್ಷಕ್ಕೆ ಹಿಂದಿರುಗಿಸಿದರು ಎಂಬುದೊಂದೇ ಸಮಾಧಾನ.

ಅಮ್ಮ ಈಗ ನಮ್ಮ ಜೊತೆ ಪುಂಗೋಲ್‌ನಲ್ಲೇ ಇದ್ದಾಳೆ. ಅವಳಿಗೆ ದೇವರು ಅಷ್ಟಕ್ಕಷ್ಟೆ, ದೆವ್ವವಂತೂ ಇಲ್ಲವೇ ಇಲ್ಲ. ಮೊನ್ನೆ ಅಕ್ಕಿ ತೆಗೆಯಲು ಶೆಲ್ಟರಿಗೆ ಹೋದವಳು ಬಾಗಿಲ ಬಳಿಯ ಗುಂಡುಕಲ್ಲನ್ನು ಕಾಲಿನಿಂದ ಇನ್ನಷ್ಟು ಬಿಗಿಯಾಗಿ ಒತ್ತಿ ಇಟ್ಟು ಬಂದಳು. ಅವತ್ತು ನಾನು ಹೇಳಿಕೊಟ್ಟ ಹಾಗೇ ಮಾಡಿದೆಯಲ್ಲ, ಒಳ್ಳೆಯ ಮಗ ಎಂದಳು. ಬಾಗಿಲು ಮುಚ್ಚಿದ್ದರೆ ಹೊರಗೆ ಏನೂ ಕೇಳುವುದಿಲ್ಲ ಎಂದು ನೀನೇ ಪರೀಕ್ಷೆ ಮಾಡಿದ್ದೆ, ನೆನಪಿದೆಯಾ ಎಂದು ಕೇಳಿದೆ.

"ನೆನಪಿದೆ. ಆದ್ರೂ ಅವತ್ತು ಕೇಳಿಸ್ತು ಕಣೋ. ಚಿಕ್ಕ ಮಗು ಹೇಗೆ ಅಳುತ್ತೋ ಹಾಗೆ, ಅಮ್ಮಾ ಅಮ್ಮಾ ಅಂತ. ಹೆತ್ತೋಳಿಗೆ ಮಗನ ದನಿ ಗೊತ್ತಾಗಲ್ವಾ?"

ನಾನು ಅಕ್ಕಿಯ ಡಬ್ಬವನ್ನು ಅವಳ ಕೈಯಿಂದ ತೆಗೆದುಕೊಂಡೆ. ಹೌದಮ್ಮ, ನಾನೇ ಎಂದೆ.